ಮದರಂಗಿಯಿಂದ ಕೂದಲು ಕಪ್ಪಾಗುವುದಿಲ್ಲ

ಮನೆಯಲ್ಲಿ ಮದುವೆ, ಮುಂಜಿ ಹತ್ತಿರ ಬಂತೆಂದರೆ ಇದೇ ಮಾತು: ತಲೆಗೆ ಡೈ ಹಚ್ಚೋದಾ, ಮೆಹಂದಿ ಹಚ್ಚೋದಾ? "ಡೈ ಬೇಡಮ್ಮ, ಕೆಮಿಕಲ್ಲು" ಅಂತ ಅಂಗಡಿಯಿಂದ 'ಕಪ್ಪು ಮೆಹಂದಿ' ಪ್ಯಾಕೆಟ್ ತರುವವರು ಬಹಳ. ಆ ಪ್ಯಾಕೆಟ್ಟಿನ ಹಿಂದಿರುವ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ. ಎಷ್ಟೋ ಪ್ಯಾಕೆಟ್ಟುಗಳಲ್ಲಿ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡಯಮಿನ್ ಇರುತ್ತದೆ. ಹೆಚ್ಚಿನ ಕಪ್ಪು ಡೈಗಳಲ್ಲಿರುವುದೂ ಅದೇ. ಕೆಲವರಿಗೆ ಅದು ಒಗ್ಗುವುದಿಲ್ಲ. ನೆತ್ತಿ ಉರಿ, ಕಿವಿಯ ಹಿಂದೆ ನೀರುಗುಳ್ಳೆ, ಬೆಳಗಾಗುವಷ್ಟರಲ್ಲಿ ಕಣ್ಣು ಬಿಡಲಾಗದಷ್ಟು ರೆಪ್ಪೆ ಊತ. ವರ್ಷಗಟ್ಟಲೆ ಹಚ್ಚಿಯೂ ಏನೂ ಆಗದವರಿಗೆ ಇದ್ದಕ್ಕಿದ್ದಂತೆ ಹೀಗಾಗುವುದುಂಟು.

ಬರೀ ಮದರಂಗಿ ಎಲೆ ಬಿಳಿ ಕೂದಲಿಗೆ ಕೊಡುವುದು ಕಿತ್ತಳೆಗೆಂಪು ಬಣ್ಣ. ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದರೆ ಕೊಂಚ ಗಾಢವಾದೀತು, ಅಷ್ಟೇ. ಕಪ್ಪೇ ಬೇಕೆಂದರೆ ಮದರಂಗಿ ತೊಳೆದ ಮೇಲೆ ಇಂಡಿಗೊ ಎಲೆಯ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ಇನ್ನೊಮ್ಮೆ ಹಚ್ಚಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ.

ಅಷ್ಟು ಹೊತ್ತು ಎಲ್ಲರಿಗೂ ಎಲ್ಲಿ ಸಿಗಬೇಕು? ಡೈ ಹಚ್ಚುವವರನ್ನು ನಾನು ಆಡಿಕೊಳ್ಳುವುದಿಲ್ಲ. ನನಗೆ ಸಿಟ್ಟು ಬರುವುದು ಮುಂದೆ ಹಸಿರೆಲೆಯ ಚಿತ್ರ ಹಾಕಿ, ಒಳಗೆ ಪಿಪಿಡಿ ತುಂಬಿ ಮಾರುವವರ ಮೇಲೆ.

ಯಾವುದನ್ನೇ ಹಚ್ಚಿ, 48 ಗಂಟೆ ಮೊದಲು ಮೊಣಕೈ ಒಳಗೆ ಚೂರು ಹಚ್ಚಿ ನೋಡಿ. ಪ್ರತಿ ಸಲವೂ. ತುರಿಕೆ ಬಂದರೆ ಅದು ನಿಮ್ಮ ತಲೆಗೆ ಬೇಡವೇ ಬೇಡ.