ಅಭಯದಾನವೂ ಔಷಧವೇ

ಕರಾವಳಿಯ ಆಷಾಢದಲ್ಲಿ ಉಟ್ಟ ಬಟ್ಟೆಯೂ ಒಣಗದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಪ್ಪಳದ ಡಬ್ಬಕ್ಕೂ ಬೂಷ್ಟು ಹಿಡಿಯುವ ಕಾಲವದು. ಅಂತಹ ಒಂದು ಮಳೆಗಾಲದಲ್ಲಿ ಕುಂದಾಪುರದ ವರ್ತಕರೊಬ್ಬರ ಸೊಸೆ ಏಳು ತಿಂಗಳ ಗರ್ಭಿಣಿ. ಅವಳಿಗೆ ಗುಪ್ತಾಂಗದಲ್ಲಿ ತುರಿಕೆ, ಉರಿ. ಒಡೆದ ಮೊಸರಿನಂತಹ ಬಿಳಿ ಸೆರಗು. ಅತ್ತೆಗೆ ಹೇಳಿದಾಗ ದೊರೆತ ಉತ್ತರ ಒಂದೇ: “ಇದನ್ನೆಲ್ಲ ಹೊರಗೆ ಹೇಳುವುದುಂಟೇ?” ಅವಳು ಸುಮ್ಮನಾದಳು. ತಾಯಿ ಕಾರ್ಡನ್ನು ಹಿಡಿದು ತಪಾಸಣೆಗೆ ಹೋದಾಗಲೂ ಬಾಯಿ ಬಿಡಲಿಲ್ಲ.

ಕ್ಯಾಂಡಿಡಾ ಎಂಬ ಈ ಶಿಲೀಂಧ್ರವು ಆರೋಗ್ಯವಂತರ ಶರೀರದಲ್ಲಿಯೂ ಇರುತ್ತದೆ. ಗರ್ಭಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನು ಹೆಚ್ಚುವುದರಿಂದ ಅದು ಬೆಳೆಯಲು ಅನುಕೂಲವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಆ್ಯಂಟಿಬಯಾಟಿಕ್ ಸೇವಿಸಿದ್ದರೆ ಇನ್ನಷ್ಟು. ಇದರಲ್ಲಿ ಶೀಲದ ಪ್ರಶ್ನೆಯೇ ಇಲ್ಲ.

ದಿನ ತುಂಬಿ ಹೆರಿಗೆಯಾಯಿತು. ಕೆಲವು ದಿನಗಳಲ್ಲಿ ಮಗುವಿನ ನಾಲಗೆಯ ಮೇಲೆ ಬಿಳಿಯ ಪದರ ಕಾಣಿಸಿತು. ಹಾಲಿನ ಕಲೆಯೆಂದು ಅಜ್ಜಿ ಬಟ್ಟೆಯಿಂದ ತಿಕ್ಕಿದಾಗ ರಕ್ತ ಒಸರಿತು. ಮಗು ಮೊಲೆಯುಣ್ಣದೆ ಅತ್ತಿತು. ವೈದ್ಯರು ಮಗುವಿನ ಬಾಯಿಗೆ ಔಷಧವನ್ನೂ ತಾಯಿಯ ಸ್ತನಕ್ಕೆ ಮುಲಾಮನ್ನೂ ಕೊಟ್ಟರು. ಮಗು ಚೇತರಿಸಿಕೊಂಡಿತು.

ದಿನ ತುಂಬಿದ ಶಿಶುಗಳಲ್ಲಿ ಈ ಸೋಂಕು ಸಾಮಾನ್ಯವಾಗಿ ಬಾಯಿಗೆ, ಚರ್ಮಕ್ಕೆ ಸೀಮಿತ. ಆದರೆ ಅವಧಿಗೆ ಬಹಳ ಮುಂಚೆ, 1 ಕಿಲೋಗ್ರಾಮಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿನ ರಕ್ತವನ್ನು ಅದು ಸೇರಿದರೆ ಪ್ರಾಣಾಪಾಯವುಂಟು. ಗರ್ಭಿಣಿಗೆ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್‌ನಂತಹ ಔಷಧವನ್ನು 7 ದಿನ ಒಳಗೆ ಇಡಲು ಕೊಡುತ್ತಾರೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ಫ್ಲುಕೊನಜೋಲ್ ಮಾತ್ರೆ ತಂದು ನುಂಗಿಸಬಾರದು.

ಔಷಧದಿಂದ ಸೂಕ್ಷ್ಮಜೀವಿಗಳು ಸಾಯುವುವಲ್ಲ ಎಂದು ಅಳುಕುವ ಹಿರಿಯರೂ ಉಂಟು. ಶ್ರಾವಕನ ಅಣುವ್ರತವು ತ್ಯಜಿಸಹೇಳುವುದು ಸಂಕಲ್ಪಪೂರ್ವಕ ಹಿಂಸೆಯನ್ನು. ತಾಯಿ-ಮಗುವಿನ ರಕ್ಷಣೆಯಲ್ಲಿ ಕೊಲ್ಲುವ ಸಂಕಲ್ಪವೆಲ್ಲಿದೆ? ಪರಿಹಾರವಿದ್ದೂ ಗರ್ಭಿಣಿಯನ್ನು ನೋವಿನಲ್ಲಿ ಬಿಡುವುದೇ ಪ್ರಮಾದ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಯೋಜನೆ 2016ರಿಂದ ಇದೆ, ಔಷಧ ದುರ್ಲಭವಲ್ಲ. ಆ ಮನೆಯಲ್ಲಿ ದೊರೆಯದೆ ಹೋದುದು ಅಭಯ. ಎರಡನೆಯ ಸೊಸೆ ಬಸುರಿಯಾದಾಗ ಅತ್ತೆಯೇ ಅವಳನ್ನು ಬಳಿಗೆ ಕರೆದು, “ಏನಾದರೂ ತೊಂದರೆಯಿದ್ದರೆ ನಾಚದೆ ಹೇಳು ಮಗಾ” ಎಂದರು. ದಾನವು ಆರಂಭವಾದುದು ಅಲ್ಲಿಂದ.