ಪರಿಮಳವಿಲ್ಲದ ಬಳ್ಳಿ

ಹೂವೆಂದರೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಬಣ್ಣವಲ್ಲ, ಪರಿಮಳ. ಮಲ್ಲಿಗೆ, ಸಂಪಿಗೆ, ಕೇದಗೆ, ಪಾರಿಜಾತ – ನಮ್ಮ ಹೆಂಗಳೆಯರ ಮುಡಿಯನ್ನೂ ದೇವರ ಪೀಠವನ್ನೂ ಏರಿದ ಹೂಗಳಲ್ಲಿ ಬಹುಪಾಲು ಮೂಗಿನ ದಾರಿಯಿಂದಲೇ ಮನಸ್ಸನ್ನು ಹೊಕ್ಕವು. ದೂರದಲ್ಲಿದ್ದ ಪಂಪನಿಗೆ ಬನವಾಸಿಯನ್ನು ನೆನಪಿಗೆ ತಂದ ವಸ್ತುಗಳಲ್ಲಿ ಅರಳಿದ ಮಲ್ಲಿಗೆಯೂ ಒಂದಲ್ಲವೆ? ವಾಸನೆಯಿಲ್ಲದ ಹೂವು ಎಷ್ಟೇ ಚೆಲುವಾಗಿರಲಿ, ಅದನ್ನು ಬೇಲಿಯ ಪಾಲಿಗೆ ಬಿಟ್ಟು ಮುಂದೆ ನಡೆಯುವುದು ನಮ್ಮ ರೂಢಿ. ಹೋದ ವರ್ಷದ ಬೇಸಗೆಯ ರಜೆಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಹೋದಾಗ ಈ ರೂಢಿಯೂ ನನ್ನ ಸಾಮಾನಿನೊಡನೆ ಸಾಗರವನ್ನು ದಾಟಿತ್ತು.

ನನ್ನ ಸೋದರಮಾವನ ಮಗಳು ಅಲ್ಲಿ ನೆಲಸಿ ಹನ್ನೆರಡು ವರ್ಷಗಳಾದುವು. ವಾಷಿಂಗ್ಟನ್ ನಗರದಿಂದ ದಕ್ಷಿಣಕ್ಕೆ, ಪೊಟೊಮ್ಯಾಕ್ ನದಿಗೆ ಹೆಚ್ಚು ದೂರವಲ್ಲದ ಒಂದು ಬಡಾವಣೆಯಲ್ಲಿ ಅವಳ ಮನೆ. ಮೇ ತಿಂಗಳು. ಓಕ್, ಮೇಪಲ್ ಮರಗಳೆಲ್ಲ ಹೊಸ ಎಲೆಯುಟ್ಟು ನಿಂತಿದ್ದುವು. ಮನೆಯ ಹಿಂದೆ ಮರದ ಬೇಲಿ. ಬೇಲಿಯಾಚೆ ಸಣ್ಣದೊಂದು ತೋಪು. ಸಂಜೆಯಾಯಿತೆಂದರೆ ಆ ಬೇಲಿಯ ಕಡೆಯಿಂದ ತೇಲಿ ಬರುತ್ತಿದ್ದ ಕಂಪು ಮನೆಯನ್ನೆಲ್ಲ ತುಂಬುತ್ತಿತ್ತು.

ಅದು ಹನಿಸಕಲ್ ಎಂಬ ಬಳ್ಳಿ. ಎಲೆಯ ಕಂಕುಳಲ್ಲಿ ಜೋಡಿ ಜೋಡಿಯಾಗಿ ಬಿಡುವ ಅದರ ಹೂವು ಮೊದಲು ಬೆಳ್ಳಗಿದ್ದು, ದಿನ ಕಳೆದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಹೂವಿನ ಬುಡವನ್ನು ಚಿವುಟಿ ಒಳಗಿನ ಎಳೆಯನ್ನು ಮೆಲ್ಲಗೆ ಎಳೆದರೆ ತುದಿಯಲ್ಲಿ ಜೇನಿನ ಒಂದು ಹನಿ ನಿಲ್ಲುತ್ತದೆ. ಅಲ್ಲಿಯ ಮಕ್ಕಳಿಗೆ ಅದನ್ನು ನೆಕ್ಕುವುದೊಂದು ಆಟ. “ಈ ವಾಸನೆ ಬಂದಾಗಲೆಲ್ಲ ಅಮ್ಮನ ಹಿತ್ತಲಲ್ಲಿ ಮಲ್ಲಿಗೆ ಬಿಡಿಸಿದ ಹಾಗಾಗುತ್ತದೆ” ಎಂದಳು ಅಕ್ಕ. ಈ ಬಳ್ಳಿಯಿದ್ದುದರಿಂದಲೇ ಆ ಮನೆಯನ್ನು ಕೊಂಡೆವೆಂದು ಆಕೆಯ ಪತಿ ನಕ್ಕು ಹೇಳಿದರು.

ಆ ಬಳ್ಳಿಯ ಇನ್ನೊಂದು ಮುಖವನ್ನು ತೋರಿಸಿದವರು ನೆರೆಮನೆಯ ವೃದ್ಧೆ, ನಿವೃತ್ತ ಶಾಲಾ ಶಿಕ್ಷಕಿ. ಆಕೆ ನಮ್ಮನ್ನು ತೋಪಿನೊಳಕ್ಕೆ ಕರೆದೊಯ್ದು ಒಂದು ಡಾಗ್‌ವುಡ್ ಸಸಿಯ ಮುಂದೆ ನಿಲ್ಲಿಸಿದರು. ಡಾಗ್‌ವುಡ್ ವರ್ಜೀನಿಯಾದ ರಾಜ್ಯವೃಕ್ಷವೂ ಹೌದು, ಅದರ ಹೂವು ರಾಜ್ಯಪುಷ್ಪವೂ ಹೌದು. ಸಸಿಯ ಕಾಂಡವನ್ನು ಹನಿಸಕಲ್ ಹಗ್ಗದಂತೆ ಸುತ್ತಿ ಬಿಗಿದಿತ್ತು. ಸಸಿ ದಪ್ಪವಾದಷ್ಟೂ ಬಳ್ಳಿಯ ಬಿಗಿತ ತೊಗಟೆಯೊಳಕ್ಕೆ ಇಳಿದು ಆಳವಾದ ಗಾಯವಾಗಿತ್ತು; ಮೇಲಿನ ಕೊಂಬೆಗಳು ಒಣಗಿದ್ದುವು. ನೆಲದ ಮೇಲೂ ಅದರದೇ ಹಾಸು. ಬೇರೊಂದು ಗಿಡ ಹುಟ್ಟಲು ಬೆಳಕಿಲ್ಲ.

ಈ ಬಳ್ಳಿ ಅಲ್ಲಿಯದಲ್ಲ, ಜಪಾನ್, ಚೀನಾ, ಕೊರಿಯಾಗಳದು. ಚೀನೀಯರು ಇದನ್ನು ಬೆಳ್ಳಿ-ಬಂಗಾರದ ಹೂವೆಂದು ಕರೆದು ಔಷಧಿಗೆ ಬಳಸುತ್ತಾರೆ. ೧೮೦೬ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿಗೆ ಅಲಂಕಾರಕ್ಕೆಂದು ಬಂದಿತು. ಮುಂದೆ ಮಣ್ಣಿನ ಕೊಚ್ಚಣೆಯನ್ನು ತಡೆಯಲೆಂದು ಹೆದ್ದಾರಿಯ ಇಕ್ಕೆಲಗಳಲ್ಲಿ ಜನರೇ ಇದನ್ನು ನೆಟ್ಟರು. ಚಳಿಗಾಲದಲ್ಲಿ ಅಲ್ಲಿಯ ಮರಗಳು ಎಲೆಯುದುರಿಸಿ ನಿದ್ರಿಸುವಾಗಲೂ ಇದು ಬಹುಮಟ್ಟಿಗೆ ಹಸಿರಾಗಿಯೇ ಇದ್ದು ಬಿಸಿಲನ್ನುಣ್ಣುತ್ತದೆ. ಇದರ ಕಪ್ಪು ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಕಾಡಿನಿಂದ ಕಾಡಿಗೆ ಬಿತ್ತುತ್ತವೆ.

“ನಮ್ಮದೇ ಒಂದು ಹನಿಸಕಲ್ ಇದೆ, ನೋಡಬನ್ನಿ” ಎಂದು ಆಕೆ ತಮ್ಮ ಜಗುಲಿಗೆ ಕರೆದೊಯ್ದರು. ಕಂಬವನ್ನು ಅಪ್ಪಿಕೊಂಡಿದ್ದ ಆ ಬಳ್ಳಿಗೆ ಹವಳ ಹನಿಸಕಲ್ ಎಂದು ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಲೋನಿಸೆರಾ ಸೆಂಪರ್‌ವೈರೆನ್ಸ್ ಎನ್ನುತ್ತಾರೆ. ಅಮೆರಿಕದ ಪೂರ್ವ ಮತ್ತು ಆಗ್ನೇಯ ಭಾಗಗಳೇ ಇದರ ತವರು. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬಿಟ್ಟ ಹೂಗಳು, ಒಂದೊಂದೂ ಸುಮಾರು ಎರಡು ಅಂಗುಲ ಉದ್ದದ ಸಣ್ಣ ಕಹಳೆ. ಹೊರಗೆ ಹವಳಗೆಂಪು, ಒಳಗೆ ಹಳದಿ. ಗೊಂಚಲಿನ ಕೆಳಗಿನ ಎರಡು ಎಲೆಗಳು ಒಂದಕ್ಕೊಂದು ಬೆಸೆದು ದೊನ್ನೆಯಂತಾಗಿರುತ್ತವೆ. ದಾಂಡಿಗ ಬಳ್ಳಿಯಿಂದ ಇದನ್ನು ಬೇರ್ಪಡಿಸಲು ಈ ದೊನ್ನೆಯೇ ಗುರುತು. ನಾನು ಮೂಗನ್ನು ಹತ್ತಿರ ಒಯ್ದೆ. ವಾಸನೆಯ ಸುಳಿವಿಲ್ಲ! ಅಕ್ಕನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಕಿವಿಯ ಬಳಿ ದುಂಬಿಯ ಮೊರೆತದಂತಹ ಸದ್ದು. ನಮ್ಮ ಹೆಬ್ಬೆರಳಿಗಿಂತ ತುಸು ಉದ್ದವಾದ ಹಸಿರು ಹಕ್ಕಿಯೊಂದು ಗಾಳಿಯಲ್ಲಿ ನಿಂತಿತು. ಹಾರಿತೆನ್ನಲಾರೆ, ನಿಂತೇ ಇತ್ತು. ಸೂಜಿಯಂತಹ ಕೊಕ್ಕನ್ನು ಒಂದು ಕಹಳೆಯೊಳಗಿಟ್ಟು, ಹಿಂದಕ್ಕೆ ಸರಿದು, ಇನ್ನೊಂದಕ್ಕೆ ಹೋಯಿತು. ತಿರುಗಿದಾಗ ಕೊರಳು ಮಾಣಿಕ್ಯದಂತೆ ಹೊಳೆಯಿತು. ಇದೇ ಮಾಣಿಕ್ಯಗೊರಳ ಹಮ್ಮಿಂಗ್ ಹಕ್ಕಿ. ತೂಕ ಸುಮಾರು ಮೂರು ಗ್ರಾಂ; ರೆಕ್ಕೆಯ ಬಡಿತ ಸೆಕೆಂಡಿಗೆ ಐವತ್ತರ ಆಸುಪಾಸು. ಚಳಿಗಾಲವನ್ನು ಮಧ್ಯ ಅಮೆರಿಕದಲ್ಲಿ ಕಳೆಯುವ ಈ ಜೀವಿಗಳಲ್ಲಿ ಅನೇಕವು ವಸಂತದಲ್ಲಿ ಮೆಕ್ಸಿಕೋ ಕೊಲ್ಲಿಯ ಸುಮಾರು ೮೦೦ ಕಿಲೋಮೀಟರ್ ನೀರನ್ನು ಎಲ್ಲಿಯೂ ನಿಲ್ಲದೆ ದಾಟಿ ಬರುತ್ತವೆ. ಅವು ಬಂದಿಳಿಯುವ ಕಾಲಕ್ಕೆ ಸರಿಯಾಗಿ ಈ ಬಳ್ಳಿ ಕಹಳೆಗಳನ್ನು ತೆರೆದಿರುತ್ತದೆ.

ಹೂವಿಗೆ ಪರಿಮಳವೇಕಿಲ್ಲವೆಂಬುದೂ ಆಗ ತಿಳಿಯಿತು. ಪರಿಮಳ ಇರುಳಿನ ಪತಂಗಗಳಿಗೆ ಕಳುಹಿಸುವ ಓಲೆ. ಹಗಲು ಹಾರುವ ಹಕ್ಕಿಗೆ ಬೇಕಾದುದು ಬಣ್ಣ. ಜೇನುನೊಣದ ಕಣ್ಣಿಗೆ ಅಷ್ಟಾಗಿ ಕಾಣದ ಕೆಂಪು, ಹಕ್ಕಿಯ ಕಣ್ಣಿಗೆ ಹಸಿರಿನ ನಡುವೆ ದೀಪದಂತೆ ಕಾಣುತ್ತದೆ. ಶರತ್ಕಾಲದಲ್ಲಿ ಇದರ ಕೆಂಪು ಹಣ್ಣುಗಳು – ಮನುಷ್ಯರು ತಿನ್ನತಕ್ಕವಲ್ಲ – ಅಲ್ಲಿಯ ಹಾಡುಹಕ್ಕಿಗಳಿಗೆ ಆಹಾರ. ಗಾಜಿನಂತಹ ರೆಕ್ಕೆಯ ಒಂದು ಹಗಲು ಪತಂಗದ ಮರಿಹುಳುಗಳಿಗೆ ಎಲೆಯೇ ಮೇವು. ಈ ಬಳ್ಳಿ ತನ್ನ ನೆಲದ ಎಷ್ಟು ಬಾಯಿಗಳಿಗೆ ಅನ್ನವಿಕ್ಕುತ್ತದೆಂಬುದನ್ನು ಮೂಗೊಂದನ್ನೇ ನಂಬಿದವರು ಅರಿಯಲಾರರು.

ಮರುದಿನ ನಾವು ನದಿಯ ದಡದ ಮೇಲಿರುವ ಮೌಂಟ್ ವರ್ನನ್ನಿಗೆ ಹೋದೆವು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಳಿ, ೧೭೯೯ರಲ್ಲಿ ಕಣ್ಣುಮುಚ್ಚಿದ ಮನೆಯದು. ಮನೆಯಿಂದ ಎರಡು ಬದಿಯ ಕಟ್ಟಡಗಳಿಗೆ ಬಿಲ್ಲಿನಂತೆ ಬಾಗಿದ ಕಂಬಸಾಲಿನ ಹಾದಿಗಳಿವೆ. ಆ ಕಂಬಗಳ ಬುಡದಲ್ಲಿ ಕೆಂಪು ಹನಿಸಕಲ್ ನೆಟ್ಟುದನ್ನು ಆತ ೧೭೮೦ರ ದಶಕದ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಕ್ಕ ಬಹಳ ಹೊತ್ತು ಆ ಕಂಬಗಳ ನಡುವೆ ನಿಂತಿದ್ದಳು. “ನನ್ನ ಮಗಳು ಹುಟ್ಟಿದ್ದು ಈ ನೆಲದಲ್ಲಿ. ನನ್ನ ತವರಿನ ನೆನಪಿಗಾಗಿ ಅವಳ ತವರಿನ ಗಿಡಗಳನ್ನು ಕೊಲ್ಲಿಸಲೆ?” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಆ ವಾರವೇ ಕೆಲಸ ಆರಂಭವಾಯಿತು. ಬೇಲಿಯ ಬಳ್ಳಿಯನ್ನು ಕತ್ತರಿಸಿ, ಬೇರನ್ನು ಅಗೆದು ತೆಗೆದೆವು. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಅದು; ಉಳಿದ ತುಣುಕು ಮತ್ತೆ ಚಿಗುರುತ್ತದೆ, ಮತ್ತೆ ಕೀಳಬೇಕು. ಹವಳ ಬಳ್ಳಿಯ ಬೇಸಾಯ ಮಾತ್ರ ಸುಲಭ. ನೀರು ನಿಲ್ಲದ, ಆದರೆ ತೇವವಿರುವ ಮಣ್ಣು. ಹೂ ತುಂಬಿ ಬಿಡಬೇಕಾದರೆ ಒಳ್ಳೆಯ ಬಿಸಿಲು. ಗಾಳಿಯಾಡದ ಮೂಲೆಯಲ್ಲಿ ನೆಟ್ಟರೆ ಎಲೆಗೆ ಬೂದಿರೋಗ ತಗಲುವುದು. ಹತ್ತರಿಂದ ಇಪ್ಪತ್ತು ಅಡಿ ಹಬ್ಬುವುದರಿಂದ ಆಸರೆಗೆ ಚಪ್ಪರವೋ ಕಂಬವೋ ಬೇಕು. ಹಿಂದಿನ ವರ್ಷದ ಕೊಂಬೆಯಲ್ಲಿಯೇ ಮೊಗ್ಗು ಮೂಡುವುದರಿಂದ ಹೂವಿನ ಸುಗ್ಗಿ ಮುಗಿದ ಮೇಲೆ ಮಾತ್ರ ಕತ್ತರಿಯಾಡಿಸಬೇಕು. ಕೊಂಬೆಯೊಂದನ್ನು ಬಾಗಿಸಿ ಮಣ್ಣಿನಲ್ಲಿ ಹುಗಿದರೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ನೆರೆಮನೆಯಾಕೆ ಹಾಗೆ ಮಾಡಿದ್ದ ಒಂದು ಗಿಡವನ್ನೇ ನಮಗೆ ಕೊಟ್ಟರು.

ಈ ಬಳ್ಳಿಯನ್ನು ತಂದು ನಮ್ಮಲ್ಲಿ ನೆಡಬಹುದಲ್ಲ ಎಂದು ವಾಚಕರಿಗೆ ತೋರಬಹುದು. ಕೂಡದೆಂಬುದೇ ನನ್ನ ಮತ. ೧೯ನೆಯ ಶತಮಾನದ ಆರಂಭದಲ್ಲಿ ಉದ್ಯಾನದ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಏನು ಮಾಡಿದೆಯೆಂಬುದನ್ನು ಆ ಕಾಡುಗಳನ್ನು ಹೊಕ್ಕವರು ಬಲ್ಲರು. ಹಮ್ಮಿಂಗ್ ಹಕ್ಕಿ ಅಮೆರಿಕ ಖಂಡಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಆ ಉದ್ಯೋಗವನ್ನು ನಮ್ಮಲ್ಲಿ ಸೂರಕ್ಕಿಗಳು ನಡೆಸುತ್ತವೆ. ಅವಕ್ಕೆಂದೇ ನಮ್ಮ ಪಶ್ಚಿಮಘಟ್ಟ ಹೆತ್ತ ಬಳ್ಳಿಯಿದೆ: ಥನ್‌ಬರ್ಜಿಯಾ ಮೈಸೊರೆನ್ಸಿಸ್. ಮೈಸೂರಿನ ಹೆಸರನ್ನು ಹೊತ್ತು, ಹಳದಿ ಮತ್ತು ಕಂದುಗೆಂಪಿನ ಹೂಗಳ ಉದ್ದನೆಯ ತೋರಣವನ್ನು ಇಳಿಬಿಡುವ ಅದಕ್ಕೆ ಹಿತ್ತಲಲ್ಲಿ ಒಂದು ಚಪ್ಪರ ಸಾಕು.

ಈ ವರ್ಷ ಏಪ್ರಿಲಿನ ಕೊನೆಯಲ್ಲಿ ಅಕ್ಕನಿಂದ ಸುದ್ದಿ ಬಂದಿತು. ಹೊಸ ಬಳ್ಳಿ ಮೂರು ಗೊಂಚಲು ಹೂ ಬಿಟ್ಟಿದೆಯಂತೆ. ಮಗಳು ಶಾಲೆಗೆ ಹೊರಡುವ ಮುನ್ನ ದಿನವೂ ಕಿಟಕಿಯ ಬಳಿ ಉಸಿರು ಬಿಗಿಹಿಡಿದು ನಿಲ್ಲುತ್ತಾಳಂತೆ. ಮಲ್ಲಿಗೆಯ ಒಂದು ಕುಂಡವನ್ನು ಅಕ್ಕ ಬಿಸಿಲು ಬೀಳುವ ಕೋಣೆಯೊಳಗೆ ಇಟ್ಟುಕೊಂಡಿದ್ದಾಳೆ.