ಎಡ ಬಲವಾದಾಗ

ಮನುಷ್ಯನಿಗೆ ದೇವರು ರೆಕ್ಕೆ ಕೊಡಲಿಲ್ಲ; ಹಕ್ಕಿಯನ್ನು ಕಂಡು ಹೊಟ್ಟೆಕಿಚ್ಚುಪಡುವ ಬುದ್ಧಿಯನ್ನು ಮಾತ್ರ ಧಾರಾಳವಾಗಿ ಕೊಟ್ಟ. ಪುಷ್ಪಕ ವಿಮಾನದ ಕನಸು ಕಂಡದ್ದೂ ಈ ಬುದ್ಧಿಯೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯ ಹಂಗಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ. 1930ರ ದಶಕದ ಕೊನೆಗೆ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅಮೆರಿಕದ ಅವಳಿ ಸೋದರರು ನೆಲದ ಮೇಲೆ ನಿಂತೇ ರೇಡಿಯೋ ಅಲೆಗಳಿಂದ ಮಾದರಿ ವಿಮಾನವನ್ನು ಹಾರಾಡಿಸಿದರು. ಆ ವಿದ್ಯೆ ವಾಡಿಯ ರೈಲ್ವೆ ನೌಕರರೊಬ್ಬರ ಮನೆಯನ್ನು ಹೊಕ್ಕದ್ದು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಮಗನ ರಟ್ಟಿನ ಪೆಟ್ಟಿಗೆಯಲ್ಲಿ.

ಮಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಅಂದಿನಿಂದ ತಂದೆಯ ಮಾತೆಂದರೆ ಪ್ರಶ್ನೆ, ಮಗನ ಉತ್ತರವೆಂದರೆ ಮೌನ. ಪೆಟ್ಟಿಗೆಯನ್ನು ಕಂಡೊಡನೆ ತಂದೆ, 'ಇದಕ್ಕೆಷ್ಟು ರೊಕ್ಕ ಸುರಿದಿ?' ಎಂದರು. ತಾಯಿ ನಡುವೆ ಬಂದು, 'ಒಮ್ಮೆ ಹಾರಿಸೋದು ನೋಡ್ರಿ, ಆಮ್ಯಾಲ ಬೈಯ್ರಿ' ಎಂದು ರಾಜಿ ಮಾಡಿಸಿದರು.

ಹಾರಿಸುವುದಾದರೂ ಎಲ್ಲಿ? ವಾಡಿಯಲ್ಲಿ ಅತ್ತ ಜಂಕ್ಷನ್ನಿನ ಹಳಿಗಳು, ಇತ್ತ ಸಿಮೆಂಟು ಕಾರ್ಖಾನೆ. ಶಹಾಬಾದಿನ ಕಡೆ ಹಾಸುಗಲ್ಲಿನ ಗಣಿಗಳು; ಬಿದ್ದರೆ ಎಲುಬೂ ಸಿಗದು. ಚಿಂಚೋಳಿಯಲ್ಲಿ ವನ್ಯಧಾಮ. ಕಲಬುರಗಿಯಿಂದ ಸೇಡಮ್ಮಿಗೆ ಹೋಗುವ ದಾರಿಯಲ್ಲಿ 2019ರಿಂದ ನಿಜವಾದ ವಿಮಾನಗಳೇ ಇಳಿಯುತ್ತಿವೆ. ಕೊನೆಗೆ ಚಿತ್ತಾಪುರದ ಕಡೆ, ಸೋದರಮಾವನ ತೊಗರಿ ಹೊಲದ ಪಕ್ಕದ ಬೀಳುನೆಲ ಗೊತ್ತಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ಅದು ಹಸಿರು ವಲಯವೇ ಎಂಬುದನ್ನು ಮಗ ಮೊದಲೇ ನಕ್ಷೆಯಲ್ಲಿ ನೋಡಿಕೊಂಡಿದ್ದ. ಆ ಎಚ್ಚರಕ್ಕೆ ತಂದೆ ಒಳಗೊಳಗೇ ಮೆಚ್ಚಿದರು; ಮೆಚ್ಚುಗೆ ಬಾಯಿಗೆ ಬರಲಿಲ್ಲ.

ಕಲಿಯುವವರ ವಿಮಾನಕ್ಕೆ ಟ್ರೈನರ್ ಎಂದು ಹೆಸರು. ಅದರ ರೆಕ್ಕೆ ಒಡಲಿನ ಮೇಲ್ಗಡೆಯಿದ್ದು, ಎರಡು ತುದಿಗಳೂ ತುಸು ಮೇಲಕ್ಕೆ ಬಾಗಿರುತ್ತವೆ. ಒಂದು ಪಕ್ಕಕ್ಕೆ ವಾಲಿ ಜಾರಿದಾಗ, ತಗ್ಗಿದ ರೆಕ್ಕೆಗೆ ಗಾಳಿಯ ಒತ್ತಾಸೆ ಹೆಚ್ಚಾಗಿ ದೊರೆತು ವಿಮಾನ ತಾನೇ ಸಮವಾಗುತ್ತದೆ. ಸಂಕ್ರಾಂತಿ ಕಳೆದ ಒಂದು ಮುಂಜಾನೆ ಮಗ ಅದನ್ನು ಗಾಳಿಗೆ ಎದುರಾಗಿ ತೂರಿ ಎತ್ತರಕ್ಕೇರಿಸಿದ. ಎರಡು ಸುತ್ತಿನ ಬಳಿಕ, 'ಹಿಡೀರಿ ಅಪ್ಪಾ' ಎಂದು ರಿಮೋಟನ್ನು ತಂದೆಯ ಕೈಗಿತ್ತ.

ದೂರ ಸಾಗುವವರೆಗೆ ಎಲ್ಲವೂ ಸುಲಭ. ವಿಮಾನ ತಿರುಗಿ ಎದುರಾಗಿ ಬರತೊಡಗಿದೊಡನೆ ಎಡ ಬಲವಾಯಿತು, ಬಲ ಎಡವಾಯಿತು. ತಿದ್ದಿದಷ್ಟೂ ವಾಲಿತು, ವಾಲಿದಷ್ಟೂ ತಿದ್ದಿದರು. ಎತ್ತರ ಉಳಿಸಲೆಂದು ಮೂತಿಯನ್ನು ಮೇಲೆತ್ತಿದರೆ ವೇಗವೇ ಕುಂದಿತು.

'ಕೈ ಬಿಡ್ರಿ ಅಪ್ಪಾ! ಅದು ತಾನಾ ಸರಿ ಆಗ್ತದ!'

ಹಳಿ ತಪ್ಪದಂತೆ ರೈಲು ಕಾಯ್ದವರಿಗೆ ಕೈಬಿಡುವುದು ತಿಳಿಯದು. ವಿಮಾನ ನೆಲಕ್ಕೆ ಕುಕ್ಕರಿಸಿತು, ಪ್ರೊಪೆಲರ್ ಮುರಿಯಿತು. ತಂದೆ ತಲೆ ತಗ್ಗಿಸಿ ನಿಂತರು. ಮಗ ಚೀಲದಿಂದ ಬೇರೊಂದು ಪ್ರೊಪೆಲರ್ ತೆಗೆಯುತ್ತ, 'ನಂದೂ ಮೊದಲ ಸಲ ಹಿಂಗೇ ಬಿದ್ದಿತ್ತು' ಎಂದ. ಬಳಿಕ, 'ಎದುರಿಗೆ ಬರುವಾಗ ಎಡ-ಬಲ ಲೆಕ್ಕ ಹಾಕಬ್ಯಾಡ್ರಿ. ಯಾವ ರೆಕ್ಕಿ ತಗ್ಗಿದೆಯೋ ಆ ಕಡೆ ಕಡ್ಡಿ ಸರಿಸ್ರಿ' ಎಂದು ಹೇಳಿಕೊಟ್ಟ. ಒಂದು ಬೈಗುಳವಿಲ್ಲ.

ಎರಡನೆಯ ಸಲವೂ ಅದು ವಾಲಿತು. ಈ ಬಾರಿ ತಂದೆ ಉಸಿರು ಬಿಗಿಹಿಡಿದು ಬೆರಳು ತೆಗೆದರು. ವಿಮಾನ ಮೂತಿ ತಗ್ಗಿಸಿ, ವೇಗ ಕೂಡಿಸಿಕೊಂಡು, ತಾನಾಗಿ ಸಮವಾಗಿ, ತೊಗರಿಯ ಕೂಳೆಯ ಮೇಲೆ ತೇಲಿತು.

ಮನೆಗೆ ಮರಳುವಾಗ ಬೈಕಿನ ಹಿಂದೆ ಕುಳಿತಿದ್ದ ತಂದೆ ಕೇಳಿದರು: 'ಆ ಎರಡು ಪೇಪರ್ ಮತ್ತ ಯಾವಾಗ ಬರೀತಿ?'

'ಮುಂದಿನ ಪರೀಕ್ಷಾದಾಗ, ಅಪ್ಪಾ.'

ಮತ್ತೊಂದು ಮಾತು ನಾಲಗೆಯ ತುದಿಗೆ ಬಂದಿತ್ತು. ತಂದೆ ಅದನ್ನು ಅಲ್ಲಿಯೇ ಬಿಟ್ಟು, ಮಡಿಲಲ್ಲಿದ್ದ ವಿಮಾನದ ರೆಕ್ಕೆಗೆ ಮೆತ್ತಿದ ಎರೆಮಣ್ಣನ್ನು ಒರೆಸತೊಡಗಿದರು.